ಉಯ್ಯಾಲೆಯ ಕೊಂಡಿಗೆ ಗ್ರೀಸ್ ಹಚ್ಚುವವರು ಯಾರು?

ಬೆಂಗಳೂರಿನ ಉತ್ತರ ಭಾಗದಲ್ಲಿ ಮಕ್ಕಳಿಗೆ ಆಡಲು ಜಾಗವಿಲ್ಲ ಎಂಬ ದೂರು ಅರ್ಧ ಮಾತ್ರ ನಿಜ. ಗೃಹ ಮಂಡಳಿ ಕಟ್ಟಿದ ಯಲಹಂಕ ಉಪನಗರದಲ್ಲಿ, ಆರ್.ಟಿ. ನಗರ, ಸಂಜಯನಗರ, ಸಹಕಾರನಗರಗಳಲ್ಲಿ ಉದ್ಯಾನಗಳಿವೆ. ಮತ್ತೀಕೆರೆ, ಯಶವಂತಪುರದವರ ಪಾಲಿಗೆ ಸುಮಾರು 85 ಎಕರೆಯ ಜೆ.ಪಿ. ಪಾರ್ಕ್ ಇದೆ. ನಗರದಾದ್ಯಂತ ಪಾಲಿಕೆಗಳ ಸುಪರ್ದಿಯಲ್ಲಿರುವ ಉದ್ಯಾನಗಳು ಸಾವಿರಕ್ಕೂ ಹೆಚ್ಚು. ಕೊರತೆ ಇರುವುದು ಆಡುವ ಸ್ಥಿತಿಯಲ್ಲಿರುವ ಉದ್ಯಾನಗಳದ್ದು. ಒಂದು ಕಡೆಯ ಸರಪಳಿ ಕಿತ್ತುಹೋದ ಉಯ್ಯಾಲೆ, ಬುಡದಲ್ಲಿ ಗುಂಡಿ ಬಿದ್ದು ನೀರು ನಿಂತ ಜಾರುಬಂಡೆ, ಹಲಗೆ ಸೀಳಿದ ಸೀಸಾ ಯಾವ ಬಡಾವಣೆಯವರಿಗೂ ಹೊಸ ದೃಶ್ಯವಲ್ಲ. ಈ ಕೊರತೆಯನ್ನು ತುಂಬಲು ನಿವಾಸಿಗಳ ಸಂಘಗಳು, ಕಂಪನಿಗಳ ನೌಕರರು, ಕಾಲೇಜಿನ ಹುಡುಗ ಹುಡುಗಿಯರು ರಜಾದಿನಗಳಲ್ಲಿ ಬಣ್ಣದ ಡಬ್ಬ ಹಿಡಿದು ಬರುತ್ತಿದ್ದಾರೆ. ಬರಲಿ, ಇನ್ನಷ್ಟು ಜನ ಬರಲಿ. ಆದರೆ ಅವರ ಕೈಗೆ ನಾವು ಕೊಡುತ್ತಿರುವ ಕೆಲಸವೇ ತಪ್ಪು ಎಂಬುದು ನನ್ನ ತಕರಾರು. ಆಟದ ಉದ್ಯಾನವನ್ನು ಕಟ್ಟುವ ಹೊಣೆ ಪಾಲಿಕೆಯದಾಗಬೇಕು, ಅದರ ಮೇಲೆ ದಿನವೂ ಕಣ್ಣಿಡುವ ಅಧಿಕಾರ ನೆರೆಹೊರೆಯವರದಾಗಬೇಕು. ಈಗ ಬಹುಮಟ್ಟಿಗೆ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ.

ಆಟದ ಸಲಕರಣೆ ಕೆಡುವ ಬಗೆಯನ್ನು ಸ್ವಲ್ಪ ಗಮನಿಸಿದರೆ ಕಾರಣ ತಿಳಿಯುತ್ತದೆ. ಉಯ್ಯಾಲೆ ಒಂದೇ ದಿನ ಮುರಿದು ಬೀಳುವುದಿಲ್ಲ. ಮೇಲಿನ ಅಡ್ಡಪೈಪಿಗೆ ಸರಪಳಿ ಸೇರುವ ಕೊಂಡಿ ಮೊದಲು ಒಣಗುತ್ತದೆ, ಕಿರುಗುಡುತ್ತದೆ, ಲೋಹ ಲೋಹವನ್ನು ತಿನ್ನುತ್ತದೆ. ತಿಂಗಳುಗಟ್ಟಲೆ ಹೀಗೆ ಸವೆದ ಮೇಲೆ ಒಂದು ಸಂಜೆ ಯಾವುದೋ ಮಗು ಜೀಕುವಾಗ ಕಳಚಿಕೊಳ್ಳುತ್ತದೆ. ಕಂಬದ ಬುಡದಲ್ಲಿ ಮಳೆನೀರು ನಿಂತರೆ ಮಣ್ಣಿನ ಮಟ್ಟದಲ್ಲೇ ತುಕ್ಕು ಹಿಡಿಯುತ್ತದೆ. ಮೇಲೆ ಬಳಿದ ಹೊಸ ಬಣ್ಣ ಆ ತುಕ್ಕನ್ನು ಮುಚ್ಚಿಡುತ್ತದೆಯೇ ಹೊರತು ತಡೆಯುವುದಿಲ್ಲ. ಜಾರುಬಂಡೆಯ ಕೆಳಗೆ ಸುರಿದ ಮರಳು ಮಕ್ಕಳ ಕಾಲಿಗೆ ಸಿಕ್ಕಿ ಅಕ್ಕಪಕ್ಕ ಸರಿದು, ಎಲ್ಲಿ ಬೇಕೋ ಅಲ್ಲೇ ಗಟ್ಟಿ ನೆಲ ಉಳಿಯುತ್ತದೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿ ನಾಲ್ಕಡಿ ಎತ್ತರದಿಂದ ಬೀಳುವ ಮಗುವಿಗೆ ಒಂಬತ್ತು ಇಂಚು ಮರಳು ಇರಬೇಕೆನ್ನುತ್ತದೆ. ಸಲಕರಣೆಯ ಸುತ್ತ ಆರಡಿ ಜಾಗ ಖಾಲಿ ಬಿಡಬೇಕು, ಮೂರೂವರೆ ಇಂಚಿಗಿಂತ ದೊಡ್ಡದಾದ, ಒಂಬತ್ತು ಇಂಚಿಗಿಂತ ಚಿಕ್ಕದಾದ ಸಂದು ಎಲ್ಲೂ ಇರಬಾರದು ಎಂದೂ ಅದು ಎಚ್ಚರಿಸುತ್ತದೆ. ಅಂಥ ಸಂದಿಯಲ್ಲಿ ಮಗುವಿನ ಮೈ ನುಸುಳಿ ತಲೆ ಸಿಕ್ಕಿಹಾಕಿಕೊಳ್ಳುತ್ತದೆ. ಕಟ್ಟುವಾಗ ಈ ಅಳತೆಗಳನ್ನು ಪಾಲಿಸಲು ಎಂಜಿನಿಯರು ಬೇಕು. ಕಟ್ಟಿದ ಮೇಲೆ ಮರಳು ಒಂಬತ್ತು ಇಂಚಿನಿಂದ ಮೂರಕ್ಕೆ ಇಳಿದದ್ದನ್ನು ಕಾಣಲು ಎಂಜಿನಿಯರು ಬೇಡ, ದಿನವೂ ಅಲ್ಲಿಗೆ ಬರುವ ಒಬ್ಬ ಅಜ್ಜಿ ಸಾಕು.

ಅಜ್ಜಿ ಕಂಡದ್ದನ್ನು ಯಾರಿಗೆ ಹೇಳಬೇಕು, ಹೇಳಿದರೆ ಯಾರು ಕೇಳಬೇಕು ಎಂಬುದು ಎಲ್ಲೂ ಬರೆದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಯಶವಂತಪುರಕ್ಕೆ ಹತ್ತಿರದ ಮಲ್ಲೇಶ್ವರದಲ್ಲಿ, ರಾಜಶಂಕರ ಆಟದ ಮೈದಾನದ ಕಬ್ಬಿಣದ ಗೇಟು ಮೈಮೇಲೆ ಬಿದ್ದು ಬಾಲಕನೊಬ್ಬ ಪ್ರಾಣ ಕಳೆದುಕೊಂಡ. ಗೇಟು ಆಟದ ಸಾಮಾನೂ ಅಲ್ಲ, ಮೈದಾನಕ್ಕೆ ಕಾಲಿಡುವ ಬಾಗಿಲು. ಇಂಥ ದುರಂತವಾದಾಗ ನಗರದ ಎಲ್ಲ ಉದ್ಯಾನ, ಮೈದಾನಗಳನ್ನು ತಪಾಸಣೆ ಮಾಡಿ ಎಂಬ ಕೂಗು ಏಳುತ್ತದೆ. ಸಾವಿರಕ್ಕೂ ಹೆಚ್ಚು ಜಾಗಗಳನ್ನು ಒಮ್ಮೆ ತಪಾಸಣೆ ಮಾಡುವುದು ದೊಡ್ಡ ಮಾತಲ್ಲ. ಆರು ತಿಂಗಳ ನಂತರದ ಸ್ಥಿತಿಯನ್ನು ಮೇಲಿನಿಂದ ಬರುವ ಯಾವ ತಪಾಸಣೆಯೂ ಹಿಡಿಯಲಾರದು.

ಕಟ್ಟುವ ಶ್ರಮದಾನದಲ್ಲಿ ನಮ್ಮ ನಗರದ ಸಾಧನೆ ಸಣ್ಣದಲ್ಲ. ಐಐಟಿ ಖರಗ್‌ಪುರದಲ್ಲಿ ವಾಸ್ತುಶಿಲ್ಪ ಓದಿದ ಪೂಜಾ ರೈ ಸ್ಥಾಪಿಸಿದ ಆಂಟ್‌ಹಿಲ್ ಕ್ರಿಯೇಷನ್ಸ್ ಬೆಂಗಳೂರನ್ನೇ ನೆಲೆ ಮಾಡಿಕೊಂಡು, ಹಳೆಯ ಟೈರುಗಳಿಂದ ದೇಶದುದ್ದಕ್ಕೂ ನೂರಾರು ಆಟದ ಅಂಗಳಗಳನ್ನು ಸ್ವಯಂಸೇವಕರ ಕೈಯಲ್ಲಿ ಕಟ್ಟಿಸಿದೆ. ಕಡಿಮೆ ಖರ್ಚಿನಲ್ಲಿ, ಶಾಲೆಯ ಮೂಲೆಯಲ್ಲಿ ಬಿದ್ದಿದ್ದ ಜಾಗದಲ್ಲಿ ಮಕ್ಕಳು ಹತ್ತಿ ಇಳಿಯಲು ಏನಾದರೂ ಎದ್ದು ನಿಲ್ಲುವುದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಟೈರು ಎಂಬ ವಸ್ತುವೇ ಒಂದು ಪಾಠ ಹೇಳುತ್ತದೆ. ನೀರು ಹರಿದುಹೋಗಲು ಅದಕ್ಕೆ ತೂತು ಕೊರೆದಿರಬೇಕು, ಆ ತೂತು ಎಲೆ, ಮಣ್ಣಿನಿಂದ ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಮಳೆಗಾಲದಲ್ಲಿ ಅದೇ ಡೆಂಗಿ ಸೊಳ್ಳೆಯ ತೊಟ್ಟಿಲು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಟ್ಟವರಿಗೆ ದಂಡ ಹಾಕುವ ನಿಯಮ ತಂದಿತು. ಒಂದು ವಾರಾಂತ್ಯದಲ್ಲಿ ಕಟ್ಟಿ ಫೋಟೊ ತೆಗೆಸಿಕೊಂಡು ಹೋದ ಕಂಪನಿಯ ನೌಕರರು ಜುಲೈ ತಿಂಗಳಲ್ಲಿ ತೂತು ಬಿಡಿಸಲು ಬರುತ್ತಾರೆಯೇ? ಅವರಲ್ಲಿ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ.

ಕಟ್ಟುವ ಕೆಲಸದ ಕಡೆಗೇ ಎಲ್ಲರ ಒಲವು ಏಕೆ ಎಂಬುದು ಒಗಟೇನಲ್ಲ. ಅದಕ್ಕೆ ಶುರುವಿದೆ, ಮುಗಿತಾಯವಿದೆ, ಕಲ್ಲಿನ ಮೇಲೆ ಹೆಸರಿದೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣಕ್ಕೆ ವರ್ಷದೊಳಗೆ ತೋರಿಸಬಹುದಾದ ಫಲ ಬೇಕು. ಶಾಸಕರಿಗೆ ಉದ್ಘಾಟನೆಯ ರಿಬ್ಬನ್ ಬೇಕು. ಪಾಲಿಕೆಗಂತೂ ಸಲಕರಣೆ ಖರೀದಿ ಒಂದು ಕಾಮಗಾರಿ, ಅದಕ್ಕೆ ಟೆಂಡರ್ ಉಂಟು. ಗ್ರೀಸಿಗೆ ಟೆಂಡರ್ ಕರೆಯುವವರಿಲ್ಲ. ಉದ್ಯಾನ ನಿರ್ವಹಣೆಯ ಗುತ್ತಿಗೆ ಇದೆಯಲ್ಲ ಎನ್ನಬಹುದು. ಇದೆ. ಆದರೆ ಅದರ ಉಸ್ತುವಾರಿ ತೋಟಗಾರಿಕೆ ವಿಭಾಗದ್ದು. ಹುಲ್ಲು ಕತ್ತರಿಸುವುದು, ಗಿಡಕ್ಕೆ ನೀರು ಬಿಡುವುದು, ತರಗೆಲೆ ಗುಡಿಸುವುದು ಅವರ ಕಣ್ಣಿಗೆ ಬೀಳುವ ಕೆಲಸಗಳು. ಮಾಲಿಯ ಹತ್ತಿರ ಸ್ಪ್ಯಾನರ್ ಇರಬೇಕೆಂದು ಯಾರೂ ಯೋಚಿಸಿಲ್ಲ. ಹೀಗಾಗಿ ಹೂವಿನ ಪಾತಿ ನಳನಳಿಸುವ ಉದ್ಯಾನದಲ್ಲೇ ಉಯ್ಯಾಲೆಯ ಬೋಲ್ಟು ಸಡಿಲವಾಗಿರುವುದು ಸಾಧ್ಯವಾಗುತ್ತದೆ.

ಕಾಯುವ ಕೆಲಸಕ್ಕೆ ಜನ ನಿಲ್ಲುವುದಿಲ್ಲ, ಉತ್ಸಾಹ ಮೂರು ತಿಂಗಳಲ್ಲಿ ಇಳಿಯುತ್ತದೆ ಎಂಬ ಅನುಮಾನ ಸಹಜ. ಉತ್ತರ ಬೆಂಗಳೂರಿನಲ್ಲೇ ಅದಕ್ಕೆ ಉತ್ತರವಿದೆ. ಯಲಹಂಕದ ಹಾದಿಯಲ್ಲಿರುವ ಸುಮಾರು 160 ಎಕರೆಯ ಜಕ್ಕೂರು ಕೆರೆಯನ್ನು 2015ರಲ್ಲಿ ಹುಟ್ಟಿದ ಜಲಪೋಷಣ್ ಎಂಬ ನಾಗರಿಕರ ಟ್ರಸ್ಟ್ ನೋಡಿಕೊಂಡು ಬಂದಿದೆ. ಕೆರೆಯ ಹೂಳೆತ್ತಿದ್ದು, ಏರಿ ಭದ್ರಪಡಿಸಿದ್ದು ಸರ್ಕಾರಿ ಸಂಸ್ಥೆಗಳು. ಕಸ ಬಿದ್ದದ್ದು, ಕೊಳಚೆ ನುಗ್ಗಿದ್ದು ಕಂಡ ಕೂಡಲೇ ಕೂಗು ಹಾಕುವವರು ಅಲ್ಲೇ ವಾಸಿಸುವ ಜನ. ಕೆಲಸದ ಈ ಹಂಚಿಕೆಯೇ ಅವರನ್ನು ಇಷ್ಟು ವರ್ಷ ಉಳಿಸಿದೆ ಎಂದು ನನಗನ್ನಿಸುತ್ತದೆ. ಹೂಳೆತ್ತುವ ಕೆಲಸವೂ ಅವರ ತಲೆಯ ಮೇಲೆ ಬಿದ್ದಿದ್ದರೆ ಮೊದಲ ವರ್ಷವೇ ಕೈಚೆಲ್ಲುತ್ತಿದ್ದರು. ಆಟದ ಉದ್ಯಾನಗಳಿಗೆ ಇನ್ನೂ ಹತ್ತಿರದ ಉದಾಹರಣೆ ಕಿಲಿಕಿಲಿ ಎಂಬ ಸಂಸ್ಥೆ. ವಿಶೇಷ ಅಗತ್ಯವುಳ್ಳ ಮಕ್ಕಳ ತಂದೆತಾಯಿಯರು ಪಾಲಿಕೆಯ ಜೊತೆ ಕೂತು, ಫ್ರೇಜರ್ ಟೌನಿನ ಕೋಲ್ಸ್ ಪಾರ್ಕ್, ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಪಾರ್ಕ್, ರಾಜಾಜಿನಗರದ ಗಾಯತ್ರಿದೇವಿ ಪಾರ್ಕ್‌ಗಳಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಆಡುವಂತೆ ಸಲಕರಣೆ ಹಾಕಿಸಿದರು. ಗಾಲಿಕುರ್ಚಿಯ ಮಗುವಿಗೂ ಉಯ್ಯಾಲೆ ಎಟುಕಬೇಕು ಎಂಬ ಮಾತು ಗುತ್ತಿಗೆದಾರನ ನಕ್ಷೆಯಲ್ಲಿ ತಾನಾಗಿ ಬರುವಂಥದ್ದಲ್ಲ. ತಿಳಿದವರು ಹೇಳಿದರು, ಪಾಲಿಕೆಯ ಜಾಗದಲ್ಲಿ ಅದು ಆಯಿತು.

ಇದಕ್ಕೂ ಹಿಂದಿನ ಪರಂಪರೆಯೊಂದು ನಮ್ಮಲ್ಲಿದೆ. ‘ಸರಸ್ವತಿ’ ಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮ 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಆರಂಭಿಸಿದಾಗ ಮಕ್ಕಳ ಆಟಪಾಟಕ್ಕೆ ಒಂದು ಸಾರ್ವಜನಿಕ ಜಾಗ ಬೇಕು ಎಂಬ ಕಲ್ಪನೆಯೇ ಇಲ್ಲಿ ಹೊಸದು. ಇವತ್ತಿಗೂ ಅಲ್ಲಿನ ವೃತ್ತವನ್ನು ಜನ ಮಕ್ಕಳ ಕೂಟ ಎಂದೇ ಕರೆಯುತ್ತಾರೆ. ಅದಾಗಿ ಐದು ವರ್ಷಕ್ಕೆ, ಜರ್ಮನರ ವಶದಲ್ಲಿದ್ದ ಡೆನ್ಮಾರ್ಕಿನ ಎಮ್‌ಡ್ರುಪ್ ಎಂಬಲ್ಲಿ ಉದ್ಯಾನ ವಿನ್ಯಾಸಕಾರ ಸೋರೆನ್‌ಸೆನ್ ಅವರ ಯೋಚನೆಯಂತೆ ಹಲಗೆ, ಇಟ್ಟಿಗೆ, ಮೊಳೆಗಳ ನಡುವೆ ಮಕ್ಕಳೇ ಕಟ್ಟಿ ಕೆಡವುವ ಅಂಗಳ ಶುರುವಾಯಿತು. ಅಲ್ಲಿ ಮೊದಲಿನಿಂದಲೂ ಮಕ್ಕಳ ಜೊತೆಗಿರಲೆಂದೇ ನೇಮಿಸಿದ ಒಬ್ಬ ಹಿರಿಯನಿದ್ದ. ಆಮ್‌ಸ್ಟರ್‌ಡ್ಯಾಮಿನ ಕಥೆ ನನ್ನ ವಾದಕ್ಕೆ ಇನ್ನೂ ಹತ್ತಿರ. ಯುದ್ಧ ಮುಗಿದ ಮೇಲೆ 1947ರಿಂದ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ ಆ ನಗರಾಡಳಿತಕ್ಕಾಗಿ ಮೂರು ದಶಕಗಳಲ್ಲಿ 700ಕ್ಕೂ ಹೆಚ್ಚು ಆಟದ ಅಂಗಳಗಳನ್ನು ರೂಪಿಸಿದರು. ನಮ್ಮ ಬೀದಿಯ ಮೂಲೆ ಖಾಲಿ ಬಿದ್ದಿದೆ, ಇಲ್ಲೊಂದು ಮಾಡಿಕೊಡಿ ಎಂದು ನಿವಾಸಿಗಳು ಪತ್ರ ಬರೆಯುತ್ತಿದ್ದರು, ನಗರಸಭೆ ಕಟ್ಟಿಕೊಡುತ್ತಿತ್ತು. ಒಂದು ಮರಳ ಗುಂಡಿ, ಒಂದಷ್ಟು ಕಲ್ಲುಗಳು, ಕಬ್ಬಿಣದ ಕಮಾನು, ಅಷ್ಟೆ. ಜಾಗ ತೋರಿಸಿದ್ದು ಜನ, ಕಬ್ಬಿಣ ನೆಟ್ಟದ್ದು ಸರ್ಕಾರ.

ಈಗ ಮೊದಲ ಆಕ್ಷೇಪಕ್ಕೆ ಬರೋಣ. ಆಸ್ತಿ ತೆರಿಗೆ ಕಟ್ಟುತ್ತೇವೆ, ಪಾಲಿಕೆ ಮಾಡಬೇಕಾದ ಕೆಲಸವನ್ನು ನಾವೇಕೆ ಬಿಟ್ಟಿ ಮಾಡಬೇಕು ಎಂಬುದು ತೂಕದ ಮಾತು. ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಹಕ್ಕೆಂದು ಹೇಳುತ್ತದೆ, 1992ರಲ್ಲಿ ಭಾರತ ಆ ಒಡಂಬಡಿಕೆಯನ್ನು ಒಪ್ಪಿದೆ. ಹಕ್ಕು ಎಂದ ಮೇಲೆ ಅದನ್ನು ಒದಗಿಸುವುದು ಸರ್ಕಾರದ ಕರ್ತವ್ಯ, ಪುಣ್ಯವಂತರ ದಾನವಲ್ಲ. ಸ್ವಯಂಸೇವಕರು ಬಣ್ಣ ಬಳಿದಷ್ಟೂ ಪಾಲಿಕೆ ಕೈತೊಳೆದುಕೊಳ್ಳುವುದು ಸುಲಭವಾಗುತ್ತದೆ ಎಂಬ ಭಯವೂ ಸುಳ್ಳಲ್ಲ. ಆ ಕಾರಣಕ್ಕೇ ನಾನು ಕಟ್ಟುವುದು, ವೆಲ್ಡಿಂಗ್, ಬಿಡಿಭಾಗ, ಮರಳು, ಕೂಲಿ ಇವೆಲ್ಲ ಪಾಲಿಕೆಯ ಖರ್ಚೇ ಆಗಿರಬೇಕು ಎನ್ನುವುದು. ನಿವಾಸಿಗಳು ಕೊಡಬೇಕಾದದ್ದು ಪಾಲಿಕೆ ದುಡ್ಡು ಕೊಟ್ಟರೂ ಸಿಗದ ವಸ್ತುವನ್ನು: ದಿನನಿತ್ಯದ ಗಮನ. ಎಷ್ಟೇ ಪ್ರಾಮಾಣಿಕ ಎಂಜಿನಿಯರಾದರೂ ತನ್ನ ವಾರ್ಡಿನ ಪ್ರತಿ ಉಯ್ಯಾಲೆಯನ್ನು ಸಂಜೆ ಐದಕ್ಕೆ ನೋಡಲಾರ. ಸಾಮೂಹಿಕ ಸಂಪತ್ತಿನ ಆಡಳಿತದ ಕುರಿತ ಅಧ್ಯಯನಕ್ಕೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನೋರ್ ಆಸ್ಟ್ರಂ, ಕೆರೆ, ಕಾಡು, ಕಾಲುವೆಗಳನ್ನು ಬಹುಕಾಲ ಉಳಿಸಿಕೊಂಡ ಸಮುದಾಯಗಳಲ್ಲಿ ಎರಡು ಸಂಗತಿಗಳನ್ನು ಮತ್ತೆ ಮತ್ತೆ ಕಂಡರು. ಬಳಸುವವರೇ ಅಥವಾ ಅವರಿಗೆ ಉತ್ತರ ಹೇಳಬೇಕಾದವರೇ ಕಾವಲು ಮಾಡುತ್ತಾರೆ, ಅವರ ಸಂಘಟನೆಯ ಹಕ್ಕನ್ನು ಸರ್ಕಾರ ಮಾನ್ಯ ಮಾಡಿರುತ್ತದೆ. ಮೊದಲನೆಯದನ್ನು ನಮ್ಮ ಜನ ಮಾಡಲು ತಯಾರಿದ್ದಾರೆ. ಎರಡನೆಯದನ್ನು ನಮ್ಮ ಪಾಲಿಕೆ ಮಾಡಿಲ್ಲ.

ನೆರೆಹೊರೆಯವರಿಗೆ ಅಂಥ ಹಕ್ಕು ಇದ್ದರೆ ಏನಾಗುತ್ತದೆ ಎಂಬುದನ್ನು ಹೆಬ್ಬಾಳಕ್ಕೆ ಸಮೀಪದ ರಾಜಮಹಲ್ ವಿಲಾಸ್ ಬಡಾವಣೆಯ ಮೊಕದ್ದಮೆ ತೋರಿಸಿಕೊಟ್ಟಿತು. ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಗುರುತಿಸಿದ್ದ ಜಾಗವನ್ನು ಸರ್ಕಾರದ ಸೂಚನೆಯಂತೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಖಾಸಗಿ ನರ್ಸಿಂಗ್ ಹೋಮಿಗೆ ಹಂಚಿತು. ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣವೆಂದು ಹೆಸರಾದ ಅದರಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಹಂಚಿಕೆಯನ್ನು ರದ್ದುಮಾಡಿದ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಬಡಾವಣೆಯ ನಿವಾಸಿಗಳಿಗೆ ಇದನ್ನು ಪ್ರಶ್ನಿಸುವ ಅಧಿಕಾರವೇ ಇಲ್ಲ ಎಂಬ ವಾದವನ್ನು ತಳ್ಳಿಹಾಕಿತು. ಬಿಡಿಎ ಕಾಯ್ದೆ ಬಡಾವಣೆಯ ಕನಿಷ್ಠ ಶೇ 15ರಷ್ಟು ಜಾಗವನ್ನು ಉದ್ಯಾನ, ಆಟದ ಮೈದಾನಗಳಿಗೆ ಮೀಸಲಿಡಬೇಕೆನ್ನುತ್ತದೆ. ಉದ್ಯಾನ, ಮೈದಾನಗಳ ಸಂರಕ್ಷಣೆಗೆಂದೇ 1985ರ ರಾಜ್ಯ ಕಾಯ್ದೆಯೂ ಇದೆ. ಹಾಗಾಗಿ ಜಾಗವನ್ನು ಉಳಿಸಲು ನಿವಾಸಿಗೆ ಕಾನೂನಿನ ಬೆಂಬಲವುಂಟು. ಜಾಗದೊಳಗಿನ ಜಾರುಬಂಡೆಯನ್ನು ಉಳಿಸಲು ಅವನ ಕೈಯಲ್ಲಿರುವುದು ಸಹಾಯವಾಣಿಯ ದೂರು ಸಂಖ್ಯೆ ಮಾತ್ರ.

ಎರಡನೆಯ ಆಕ್ಷೇಪ ನನ್ನ ಮಟ್ಟಿಗೆ ಇನ್ನೂ ಗಂಭೀರ. ನಿವಾಸಿಗಳ ಸಂಘಕ್ಕೆ ಅಧಿಕಾರ ಕೊಟ್ಟರೆ ಉದ್ಯಾನ ಅವರ ಹಿತ್ತಲಾಗುತ್ತದೆ. ‘ಚೆಂಡಾಟ ನಿಷೇಧ’, ‘ಗದ್ದಲ ಮಾಡಬಾರದು’, ‘ಹುಲ್ಲಿನ ಮೇಲೆ ನಡೆಯಬಾರದು’ ಎಂಬ ಫಲಕಗಳನ್ನು ಹಾಕಿಸುವವರು ಬಹಳಷ್ಟು ಸಲ ಈ ಸಂಘಗಳವರೇ. ವಾಕಿಂಗ್ ಮಾಡುವ ಹಿರಿಯರಿಗೆ ಸಂಘದಲ್ಲಿ ಮತವಿದೆ, ಎಂಟು ವರ್ಷದ ಹುಡುಗಿಗೆ ಇಲ್ಲ. ಮನೆಗೆಲಸದವರ, ಕಟ್ಟಡ ಕಾರ್ಮಿಕರ ಮಕ್ಕಳು ಬಂದರೆ ‘ಹೊರಗಿನವರು’ ಎಂದು ಹುಬ್ಬುಗಂಟಿಕ್ಕುವುದೂ ಉಂಟು. ಮಧ್ಯಾಹ್ನ ಗೇಟಿಗೆ ಬೀಗ ಹಾಕುವ ಹಳೆಯ ಪದ್ಧತಿಯನ್ನು ಬಿಟ್ಟು ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು 2024ರಲ್ಲಿ ಪಾಲಿಕೆ ಆದೇಶಿಸಿದ್ದು ಒಳ್ಳೆಯ ಕೆಲಸ. ಅಂಥ ಆದೇಶವನ್ನು ಬಡಾವಣೆಯ ಮಟ್ಟದಲ್ಲಿ ತಿದ್ದುವ ಅಧಿಕಾರ ಯಾವ ಸಂಘಕ್ಕೂ ಇರಕೂಡದು. ಸಂಘಕ್ಕೆ ಸಿಗಬೇಕಾದದ್ದು ಸಲಕರಣೆಯನ್ನು ಪರೀಕ್ಷಿಸುವ, ದುರಸ್ತಿ ಕೇಳುವ, ಅಪಾಯವಿದ್ದರೆ ಹಗ್ಗ ಕಟ್ಟಿ ಬಳಕೆ ನಿಲ್ಲಿಸುವ ಅಧಿಕಾರ. ಯಾರು ಒಳಗೆ ಬರಬಹುದು, ಏನು ಆಡಬಹುದು ಎಂಬುದು ಪಾಲಿಕೆಯ ನಿಯಮವಾಗಿಯೇ ಉಳಿಯಬೇಕು. ಈ ಅಧಿಕಾರ ಚಲಾಯಿಸುವ ಸಮಿತಿಯಲ್ಲಿ ಹತ್ತಿರದ ಸರ್ಕಾರಿ ಶಾಲೆಯ ಒಬ್ಬ ಶಿಕ್ಷಕಿ, ಒಬ್ಬ ಅಂಗನವಾಡಿ ಕಾರ್ಯಕರ್ತೆ ಕಡ್ಡಾಯವಾಗಿ ಇದ್ದರೆ ಸಂಘದ ದನಿ ಒಂದೇ ಆಗುವುದು ತಪ್ಪುತ್ತದೆ.

ಮಗುವಿಗೆ ಪೆಟ್ಟಾದರೆ ಹೊಣೆ ಯಾರದು ಎಂಬ ಪ್ರಶ್ನೆಯೇ ಅನೇಕ ಒಳ್ಳೆಯ ಜನರನ್ನು ದೂರ ನಿಲ್ಲಿಸುತ್ತದೆ. ಬರಹದಲ್ಲಿ ಇಲ್ಲದ ಏರ್ಪಾಡುಗಳು ಇಲ್ಲೇ ಕುಸಿಯುವುದು. ಕೆರೆಗಳ ನಿರ್ವಹಣೆಗೆ ಖಾಸಗಿ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಳ್ಳದಂತೆ 2020ರಲ್ಲಿ ಹೈಕೋರ್ಟ್ ತಡೆದಾಗ, ಕಂಪನಿಗಳಲ್ಲದ ನಿವಾಸಿಗಳ ಗುಂಪುಗಳ ಸ್ಥಾನಮಾನವೂ ಅತಂತ್ರವಾಯಿತು. ಉದ್ಯಾನಗಳಿಗೆ ಅದು ಮರುಕಳಿಸಬಾರದಾದರೆ ಒಂದು ಪುಟದ ನಿಯಮ ಸಾಕು: ಸ್ವತ್ತು ಪಾಲಿಕೆಯದು, ಅಪಘಾತದ ಹೊಣೆಯೂ ಪಾಲಿಕೆಯದು. ಸ್ವಯಂಸೇವಕರು ದೋಷವನ್ನು ಉದ್ಯಾನದ ಪರಿಶೀಲನಾ ಪುಸ್ತಕದಲ್ಲಿ ಬರೆದು ತಿಳಿಸಿದ ಕ್ಷಣದಿಂದ ಎಂಜಿನಿಯರಿಗೆ ಗಡುವು ಶುರು. ಹೀಗೆ ಬರೆದರೆ ಸ್ವಯಂಸೇವಕರಿಗೆ ರಕ್ಷಣೆ, ಎಂಜಿನಿಯರಿಗೂ ಒಂದು ಲಾಭ. ಇವತ್ತು ಅವನಿಗೆ ಗೊತ್ತೇ ಇಲ್ಲದ ದೋಷಕ್ಕೂ ಅವನೇ ಅಮಾನತಾಗುವ ಭಯವಿದೆ.

ಸ್ವಯಂಸೇವೆ ಬಿಡುವಿದ್ದವರ ಕೆಲಸ, ಬಿಡುವು ಉಳ್ಳವರ ಬಡಾವಣೆಯಲ್ಲೇ ಹೆಚ್ಚು ಎಂಬ ಮಾತಿಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಸಹಕಾರನಗರದಲ್ಲಿ ನಿವೃತ್ತ ಎಂಜಿನಿಯರುಗಳು ಸಿಗಬಹುದು. ಹಳೆಯ ಊರುಗಳ ಸುತ್ತ ಬೆಳೆದ ರೆವಿನ್ಯೂ ಬಡಾವಣೆಗಳಲ್ಲಿ, ಎರಡು ಪಾಳಿ ದುಡಿಯುವ ತಂದೆತಾಯಿಯರಿರುವ ಓಣಿಗಳಲ್ಲಿ ಉದ್ಯಾನಕ್ಕೆ ಜಾಗವೇ ಬಿಟ್ಟಿಲ್ಲದಿರುವಾಗ ಸಮಿತಿಯ ಮಾತು ದೂರ. ಅಲ್ಲಿ ಪಾಲಿಕೆ ಎಮ್‌ಡ್ರುಪ್‌ನಂತೆ ಸಂಬಳ ಕೊಟ್ಟು ಒಬ್ಬರನ್ನು ನೇಮಿಸಬೇಕು, ಆ ಓಣಿಯ ಹೆಂಗಸರನ್ನೇ ನೇಮಿಸಿದರೆ ಇನ್ನೂ ಒಳ್ಳೆಯದು. ಉಳ್ಳವರ ಬಡಾವಣೆಗಳಲ್ಲಿ ನೆರೆಹೊರೆಯವರ ಗಮನದಿಂದ ಸಲಕರಣೆಗಳ ಬಾಳಿಕೆ ಹೆಚ್ಚಿದರೆ, ಹೊಸ ಖರೀದಿಯಲ್ಲಿ ಉಳಿಯುವ ಹಣ ಮೊದಲು ಹೋಗಬೇಕಾದದ್ದು ಇಲ್ಲಿಗೆ.

2020ರ ಸೆಪ್ಟೆಂಬರ್‌ನಲ್ಲಿ ನಗರದ ಆಗಿನ ಏಕೈಕ ಪಾಲಿಕೆಯಾಗಿದ್ದ ಬಿಬಿಎಂಪಿಯ ಚುನಾಯಿತ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಈ ನಗರಕ್ಕೆ ಕಾರ್ಪೊರೇಟರೇ ಇಲ್ಲದಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳಾದವು, ಅದರಲ್ಲಿ ಬೆಂಗಳೂರು ಉತ್ತರವೂ ಒಂದು. ಈ ಪಾಲಿಕೆಗಳಿಗೆ ಆಧಾರವಾದ ಹೊಸ ಕಾಯ್ದೆಯಲ್ಲೂ ವಾರ್ಡ್ ಸಮಿತಿಗಳಿಗೆ ಜಾಗವಿದೆ. ಉತ್ತರ ಪಾಲಿಕೆ ತನ್ನ ಉದ್ಯಾನಗಳ ನಿಯಮ ಬರೆಯುವಾಗ ಒಂದು ಸಾಲು ಸೇರಿಸಲಿ: ಮಕ್ಕಳ ಆಟದ ಸಲಕರಣೆ ಇರುವ ಉದ್ಯಾನದ ನಿರ್ವಹಣಾ ಗುತ್ತಿಗೆದಾರನ ತಿಂಗಳ ಬಿಲ್ಲು, ಅಲ್ಲಿನ ಸ್ವಯಂಸೇವಕ ಸಮಿತಿಯ ಪರಿಶೀಲನಾ ಪುಸ್ತಕದ ಪ್ರತಿ ಇಲ್ಲದೆ ಪಾಸಾಗಬಾರದು. ಸಮಿತಿಯವರು ಸಹಿಗೆ ಕಮಿಷನ್ ಕೇಳಿದರೆ ಎಂಬ ಕುಹಕ ಬರುತ್ತದೆ. ಅದಕ್ಕೇ ಬೇಕಾದದ್ದು ಸಹಿಯಲ್ಲ, ಪುಸ್ತಕದ ಪ್ರತಿ. ಬಿಲ್ಲು ಒಪ್ಪುವುದೂ ತಿರಸ್ಕರಿಸುವುದೂ ಅಧಿಕಾರಿಯ ಕೆಲಸವಾಗಿಯೇ ಇರಲಿ. ಉಯ್ಯಾಲೆಯ ಕೊಂಡಿ ಸವೆದಿದೆ ಎಂದು ಮೂರು ವಾರದ ಹಿಂದೆಯೇ ಬರೆದಿಟ್ಟ ಪುಟ ಕಣ್ಣೆದುರು ಇರುವಾಗಲೂ ಹಣ ಬಿಡುಗಡೆ ಮಾಡುವ ಅಧಿಕಾರಿ, ತಾನೇಕೆ ಮಾಡಿದೆ ಎಂದು ಅದೇ ಪುಟದ ಕೆಳಗೆ ಬರೆಯಬೇಕಾಗುತ್ತದೆ.